ಪುಟ್ಟಿಯ ಸೈಕಲ್ಲಿಗೆ ಬ್ರೇಕು

ಮಾರ್ಚ್ 2, ಸಂಜೆ

ಇವತ್ತು ಶೆಡ್ಡಿಗೆ ಮೂರು ಆಂಬುಲೆನ್ಸ್. ಎರಡಕ್ಕೆ ಬ್ರೇಕ್ ಪ್ಯಾಡ್ ಬದಲಾವಣೆ, ಒಂದಕ್ಕೆ ಹಿಂಬದಿಯ ಬ್ರೇಕ್ ಸಿಲಿಂಡರ್ ಸೋರಿಕೆ. ಹೊಸ ಡ್ರೈವರ್ ಒಬ್ಬ ಬಂದು ಫೋರ್‌ಮನ್ನನ್ನು ಕೇಳಿದ, "ಬ್ರೇಕ್ ಮೆಕ್ಯಾನಿಕ್ ಎಲ್ಲಿ?" ನಾನು ಅವನ ಗಾಡಿಯ ಕೆಳಗೇ ಮಲಗಿದ್ದೆ. ಎರಡೂ ಕಾಲು ಹೊರಗಿದ್ದವು. ಇದೇ ಶೆಡ್ಡಿನಲ್ಲಿ ಇಪ್ಪತ್ತಮೂರು ವರ್ಷ ಬ್ರೇಕಿನ ಕೆಲಸ. ಈಗಲೂ ನನ್ನ ಕಾಲು ಕಂಡರೆ ಕಸ ಗುಡಿಸುವವಳು ಜಾರಿ ಬಿದ್ದಿದ್ದಾಳೆ ಅಂದುಕೊಳ್ಳುತ್ತಾರೆ. ಸ್ಪ್ಯಾನರ್ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಸ್ಪ್ಯಾನರ್ ಒಳ್ಳೆಯದು.

ಮನೆಗೆ ಬಂದರೆ ಪುಟ್ಟಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸಲಾರದೆ ಕೂತಿದ್ದಾಳೆ. ನಿನ್ನೆ ಗುಡ್ಡದಿಂದ ಸೈಕಲ್ಲಿನಲ್ಲಿ ಇಳಿದದ್ದರ ಫಲ. ತಂತಿ ಎಳೆಯುವ ಬ್ರೇಕು, ಹಿಡಿದು ಹಿಡಿದು ಬೆರಳು ಮರಗಟ್ಟಿವೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವ ಕೈ ಅದು, ಹಾಗೆ ಮರಗಟ್ಟಬಾರದು. ಕಳೆದ ವರ್ಷದ ಇಳಿಜಾರಿನ ರೇಸಿನಲ್ಲೂ ಇದೇ ಗತಿ. ಕಡಿದಾದ ಜಾಗ ಬಂದಾಗ ಇಳಿದು ತಳ್ಳಿಕೊಂಡು ಬಂದಳು. ಬದಿಯಲ್ಲಿ ನಿಂತವರು ನಕ್ಕರು. ಈ ಸಲ 29ಕ್ಕೆ ರೇಸು. ಇಳಿಯದೆ ಕೊನೆಯವರೆಗೂ ಹೋಗಬೇಕಂತೆ. ಎಣ್ಣೆಯ ಒತ್ತಡದಿಂದ ಹಿಡಿಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕ್ ಬೇಕೇ ಬೇಕು.

"ನೀನೇ ಆರಿಸಮ್ಮ. ನಿನಗಿಂತ ಯಾರಿಗೆ ಗೊತ್ತು?" ಅಂದಳು.

ಎದೆ ಉಬ್ಬಿತು. ಬರೆದರೇನು, ಯಾರೂ ಓದುವುದಿಲ್ಲ.

ಮಾರ್ಚ್ 4, ರಾತ್ರಿ ಊಟಕ್ಕೆ ಮೊದಲು

ಮೈ ಉರಿಯುತ್ತಿದೆ. ಬರೆದು ಆಮೇಲೆ ಊಟ.

ಸೈಕಲ್ ಅಂಗಡಿಗೆ ಹೋಗಿದ್ದೆವು. ನಾನು, ಪುಟ್ಟಿ, ಇವರು. ಇವರು ಹೊಲಿಗೆ ಬಿಟ್ಟು ಎದ್ದು ಬಂದವರು, ಕುತ್ತಿಗೆಯಲ್ಲಿ ಟೇಪು ಹಾಗೇ ನೇತಾಡುತ್ತಿತ್ತು. ಅಂಗಡಿಯವನಿಗೆ ಎಣ್ಣೆ ಹಚ್ಚಿ ತಿರುವಿದ ಮೀಸೆ. ಇಲ್ಲಿ ಮೀಸೆ ಎಂದೇ ಬರೆಯುತ್ತೇನೆ.

ನಾನು ಕೇಳಿದೆ, "ಮುಂದಿನ ಡಿಸ್ಕ್ ಎಷ್ಟು ಮಿಲಿಮೀಟರ್?"

ಮೀಸೆ ಇವರನ್ನು ನೋಡಿ, "ನೂರ ಅರವತ್ತು ಸರ್. ಹುಡುಗಿ ತಾನೇ, ತೂಕ ಇಲ್ಲ. ಎರಡು ಪಿಸ್ಟನ್ನಿಂದು ಸಾಕು."

"ಒಂಬತ್ತು ಕಿಲೋಮೀಟರ್ ಇಳಿಜಾರು. ಇಷ್ಟು ಚಿಕ್ಕ ಡಿಸ್ಕಿನಲ್ಲಿ ಅಷ್ಟು ಬಿಸಿ ಎಲ್ಲಿಗೆ ಹೋಗುತ್ತೆ?" ಅಂದೆ.

"ಅಮ್ಮಾ, ಅದೆಲ್ಲ ಟೆಕ್ನಿಕಲ್ಲು. ಸರ್‌ಗೆ ಹೇಳ್ತೀನಿ ಬಿಡಿ."

ಸರ್ ಛಾವಣಿ ನೋಡುತ್ತಿದ್ದರು. ಸರ್‌ಗೆ ಗುಂಡಿ ಗೊತ್ತು, ಕಾಜ ಗೊತ್ತು. ಪಿಸ್ಟನ್ ಅಂದರೆ ಹೊಸ ನಮೂನೆಯ ಪ್ಯಾಂಟು ಅಂದುಕೊಂಡಿರಬೇಕು.

ನಾನು ಬಿಡಲಿಲ್ಲ. ನಾಲ್ಕು ಪಿಸ್ಟನ್ನಿಂದೇ ತೆಗೆಸಿದೆ, ಹಿಡಿತ ಹೆಚ್ಚು. ಮುಂದೆ ಇನ್ನೂರ ಮೂರರ ಡಿಸ್ಕ್, ಹಿಂದೆ ನೂರ ಎಂಬತ್ತು. ಪುಟ್ಟಿಯ ಬೆರಳು ಗಿಡ್ಡ, ಲಿವರ್ ಹತ್ತಿರ ತಂದುಕೊಳ್ಳುವ ತಿರುಪು ಇರುವುದನ್ನೇ ನೋಡಿದೆ. ಒಂದೇ ಬೆರಳಲ್ಲಿ ಹಿಡಿದು ನೋಡು ಅಂದೆ. ಹಿಡಿದು ನಕ್ಕಳು.

"ಫಿಟಿಂಗ್ ಇಲ್ಲೇ ಮಾಡಿಸಿ ಸರ್."

"ನಾನು ಮಾಡ್ತೀನಿ," ಅಂದೆ.

ಮೀಸೆ ಇವರ ಭುಜ ಹಿಡಿದು ಪಕ್ಕಕ್ಕೆ ಕರೆದು ಏನೋ ಪಿಸುಗುಟ್ಟಿದ. ಏನೆಂದು ನಾನು ಕೇಳಲಿಲ್ಲ. ನನ್ನ ಮುಂದೆ ಹೇಳಲಾಗದ್ದು ನನಗೆ ಬೇಕಿಲ್ಲ.

ಮಾರ್ಚ್ 5

ಬ್ರೇಕ್ ಕೂರಿಸಿದೆ. ಪೈಪು ಉದ್ದವಿತ್ತು, ಅಳತೆಗೆ ಕತ್ತರಿಸಿದೆ. ಕತ್ತರಿಸಿದ ಮೇಲೆ ಗಾಳಿ ತೆಗೆದು ಎಣ್ಣೆ ತುಂಬಬೇಕು. ಒಳಗೆ ಇದ್ದದ್ದು ಕೆಂಪಗೆ, ನೀರು ನೀರಾಗಿ. ಇವರು ಬಗ್ಗಿ ನೋಡಿ, "ನಮ್ಮ ಹೊಲಿಗೆ ಮಿಷನ್ ಎಣ್ಣೆ ಥರಾ ಇದೆ," ಅಂದರು. ನನಗೂ ಹಾಗೇ ಅನ್ನಿಸಿತು. ಇಂಥದ್ದರಲ್ಲಿ ಮಗಳು ಗುಡ್ಡ ಇಳಿಯಬೇಕಾ? ಪೂರ್ತಿ ಬಸಿದು ತೆಗೆದು ನಮ್ಮ ಶೆಡ್ಡಿನಲ್ಲಿ ಹಾಕುವ ಒಳ್ಳೆಯ ಬ್ರೇಕ್ ಆಯಿಲ್ ತುಂಬಿದೆ.

ಇವರು ಅಲ್ಲೇ ನಿಂತಿದ್ದರು. "ಆ ಅಂಗಡಿಯವ್ರು ಏನೋ ಎಣ್ಣೆ ವಿಷಯ ಹೇಳಿದ್ರು ಕಣೇ..."

"ಯಾರಿಗೆ ಹೇಳಿದ್ರು? ನನಗಾ?"

"ನನಗೆ."

"ಹಾಗಾದ್ರೆ ನೀವೇ ಫಿಟ್ ಮಾಡಿ."

ತೆಪ್ಪಗೆ ಹೋಗಿ ಮಿಷನ್ ಮುಂದೆ ಕೂತರು. ತುಳಿದ ಸದ್ದು ಜೋರಾಗಿತ್ತು.

ಲಿವರ್ ಮುಚ್ಚಳದ ಮೇಲೂ ಸಣ್ಣಕ್ಷರದಲ್ಲಿ ಇದೆ, ಮಿನರಲ್ ಆಯಿಲ್ ಮಾತ್ರ ಎಂದು. ಓದಿದೆ. ವ್ಯಾನ್ ಕಂಪನಿಯವರೂ ಹೀಗೇ ಬರೆಯುತ್ತಾರೆ, ತಮ್ಮ ಬಾಟಲಿಯನ್ನೇ ತಗೊಳ್ಳಲಿ ಎಂದು. ಇಷ್ಟು ವರ್ಷ ಎಲ್ಲ ಗಾಡಿಗೂ ಒಂದೇ ಡಬ್ಬದಿಂದ ಹಾಕಿದ್ದೇನೆ. ಬ್ರೇಕ್ ಸರಿಯಿಲ್ಲ ಎಂದು ಒಂದು ಗಾಡಿಯೂ ವಾಪಸ್ಸು ಬಂದಿಲ್ಲ.

ಮಾರ್ಚ್ 8, ಮಧ್ಯಾಹ್ನ

ಪುಟ್ಟಿ ಗುಡ್ಡ ಇಳಿದು ಬಂದಳು. "ಬೆಣ್ಣೆ ಥರಾ ಇದೆ ಅಮ್ಮ." ಬಾಟಲಿಯ ಮುಚ್ಚಳ ನನ್ನೆದುರೇ ತಿರುಗಿಸಿ ತೋರಿಸಿದಳು. ಮೀಸೆಯನ್ನು ಕರೆದು ತೋರಿಸಬೇಕಿತ್ತು.

ಮಾರ್ಚ್ 17

ಲಿವರ್ ನಿಧಾನಕ್ಕೆ ವಾಪಸ್ಸು ಬರುತ್ತದಂತೆ. "ಸ್ವಲ್ಪ ಅಂಟಿದ ಹಾಗೆ" ಅಂದಳು. ಹೊಸ ಬ್ರೇಕು, ಪಳಗಬೇಕು ಅಂದೆ. "ಅಂಗಡೀಲಿ ಒಂದ್ಸಲ ತೋರಿಸ್ಲಾ?" ಅಂದದ್ದೇ ತಡ, ಸಿಟ್ಟು ನೆತ್ತಿಗೇರಿತು. ಅವನ ಮುಂದೆ ಹೋಗಿ ನಿಲ್ತೀಯಾ, ನಿನ್ನ ಅಮ್ಮನಿಗಿಂತ ಅವನು ಹೆಚ್ಚಾ... ಇನ್ನೂ ಏನೇನೋ ಅಂದೆ. ಸರಿ ಅಂದು ಸೈಕಲ್ ಒಳಗಿಟ್ಟಳು. ಒಳ್ಳೆಯದಾಯಿತು ಅಂದುಕೊಂಡೆ.

ಮಾರ್ಚ್ 22, ಸಂಜೆ

ಹೇಗೆ ಬರೆಯಲಿ. ನಡೆದ ಹಾಗೇ ಬರೆಯುತ್ತೇನೆ.

ಬೆಳಿಗ್ಗೆ ಪುಟ್ಟಿ ಗುಡ್ಡದಲ್ಲಿದ್ದಳು. ಇಳಿಜಾರಿನ ಮಧ್ಯೆ ಹಿಂದಿನ ಬ್ರೇಕ್ ಹಿಡಿದದ್ದು ಬಿಡಲೇ ಇಲ್ಲ, ಡಿಸ್ಕ್ ಕಾದು ನೀಲಿಯಾಯಿತು. ಮುಂದಿನದರ ಲಿವರ್ ಹ್ಯಾಂಡಲ್‌ವರೆಗೂ ಬಂತು, ಏನೂ ಹಿಡಿಯಲಿಲ್ಲ. ಬೇಕೆಂದೇ ಮರಳಿನ ದಿಬ್ಬಕ್ಕೆ ನುಗ್ಗಿಸಿದಳು. ಮೊಣಕೈ ಚರ್ಮ ಕಿತ್ತು ಬಂದಿದೆ. ಹತ್ತು ಅಡಿ ಆಚೆಯಾಗಿದ್ದರೆ ಆ ದಿಬ್ಬವೂ ಇರುತ್ತಿರಲಿಲ್ಲ.

ಅಲ್ಲಿಂದ ನೇರ ಮೀಸೆಯ ಅಂಗಡಿಗೇ ಸೈಕಲ್ ತಳ್ಳಿಕೊಂಡು ಹೋಗಿ ನನಗೆ ಫೋನ್ ಮಾಡಿದಳು. ನಾನು ಹೋಗುವಷ್ಟರಲ್ಲಿ ಮುಚ್ಚಳ ಬಿಚ್ಚಿದ್ದ. ಮೂಸಿ ನೋಡಿದ. ಲೋಟದ ನೀರಿಗೆ ಒಂದು ಹನಿ ಬಿಟ್ಟ. ಹನಿ ಕರಗಿಹೋಯಿತು.

"ನಮ್ಮ ಎಣ್ಣೆ ಆಗಿದ್ರೆ ತೇಲ್ತಿತ್ತು. ಇದು ಕಾರಿಗೆ ಹಾಕೋದು. ಇದನ್ನ ಹಾಕಿದ್ರೆ ಇದರ ರಬ್ಬರ್ರು ಊದ್ಕೊಂಡು ಹಾಳಾಗುತ್ತೆ. ಅದಕ್ಕೇ ಅವತ್ತು ಸರ್‌ಗೆ ಅಷ್ಟು ಸಲ ಹೇಳಿದ್ದು. ಯಾರು ಹಾಕಿದ್ದು ಇದನ್ನ?"

ಬಾಯಿ ತೆರೆದೆ. ಮಾತು ಹೊರಡುವ ಮೊದಲೇ ಪುಟ್ಟಿ, "ನಾನೇ. ಅಮ್ಮ ಬೇಡ ಅಂದ್ರು, ನಾನೇ ಕೇಳ್ಲಿಲ್ಲ."

ಮೀಸೆ ನಕ್ಕ. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡಿ ಮಾತಾಡಿದ, ಇಬ್ಬರೂ ಒಂದೇ ಪಕ್ಷದವರು ಎಂಬಂತೆ. "ನೋಡಿ ಅಮ್ಮಾ, ಹೆಣ್ಣುಮಕ್ಕಳು ಗಾಡಿಗೆ ಕೈ ಹಾಕಿದ್ರೆ ಹೀಗೇ ಆಗೋದು."

ನಾನು ತಲೆ ಆಡಿಸಿದೆ.

ಹೌದು ಎಂದು ತಲೆ ಆಡಿಸಿದೆ. ಆ ಮಾತು ಆಡಿದ ಎಷ್ಟು ಜನರ ಜೊತೆ ಇಷ್ಟು ವರ್ಷ ಜಗಳ ಕಾದಿದ್ದೇನೆ. ನನ್ನ ಮಗಳಿಗೆ ಅಂದಾಗ ತಲೆ ಆಡಿಸಿದೆ.

ಮಾರ್ಚ್ 23

ಶೆಡ್ಡಿನಲ್ಲಿ ಒಂದು ವ್ಯಾನಿನ ಬ್ರೇಕನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಫೋರ್‌ಮನ್ "ಹುಷಾರಿಲ್ವೇನಕ್ಕ?" ಅಂದರು. ಅವರ ಮೇಲೂ ರೇಗಿದೆ.

ಸಂಜೆ ಇವರು, "ಅವತ್ತು ನಾನು ಇನ್ನೊಂದ್ಸಲ ಹೇಳ್ಬೇಕಿತ್ತು," ಅಂದರು. ತಪ್ಪು ನಂದು, ಇವರು ಹಂಚಿಕೊಳ್ಳಲು ಬರುತ್ತಾರೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಪುಟ್ಟಿಯ ಮೊಣಕೈಗೆ ಔಷಧಿ ಹಚ್ಚುತ್ತಾ ಕೇಳಿದೆ, ಯಾಕೆ ಹಾಗೆ ಹೇಳಿದೆ ಎಂದು.

"ನಿನ್ನ ಮುಖ ನೋಡಿದೆ ಅಮ್ಮ. ನೋಡೋಕಾಗ್ಲಿಲ್ಲ."

"ಬಿದ್ದೋಳು ನೀನು ಕಣೇ."

"ನನಗೆ ಮೊಣಕೈ ತಾನೇ."

ಎದ್ದು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತೆ.

ಮಾರ್ಚ್ 27, ಸಂಜೆ

ಹಾಳಾದ ಬ್ರೇಕ್ ರಿಪೇರಿ ಆಗುವುದಿಲ್ಲ, ಬೇರೆಯದೇ ಹಾಕಬೇಕು. ನಾಳೆ ಹತ್ತು ಗಂಟೆಗೆ ಮೀಸೆ ಹಾಕಿಕೊಡುತ್ತಾನೆ. ಏನು ಹಾಕುತ್ತಾನೆ ಎಂದು ಈಗ ಗೊತ್ತಾಯಿತು. ಎರಡು ಪಿಸ್ಟನ್ನಿಂದು, ಚಿಕ್ಕ ಡಿಸ್ಕು. ಎಣ್ಣೆ ಯಾವುದು ಎಂದೇ ತಿಳಿಯದವಳಿಗೆ ನಾಲ್ಕು ಪಿಸ್ಟನ್ ನಿಭಾಯಿಸಲು ಬರುವುದಿಲ್ಲವಂತೆ.

"ನೀನು ಸುಮ್ಮನೆ ಹೂಂ ಅಂದ್ಯಾ?" ಪುಟ್ಟಿಯನ್ನು ಕೇಳಿದೆ.

"ಇನ್ನೇನ್ ಹೇಳ್ಲಿ? ಅಂಗಡೀಲಿ ಕೂರೋ ಹುಡುಗರೆಲ್ಲ ನನಗೆ ಕಾರೆಣ್ಣೆ ಅಂತ ಹೆಸರಿಟ್ಟಿದ್ದಾರೆ. ನಾನು ಬ್ರೇಕ್ ಬಗ್ಗೆ ಬಾಯಿ ತೆಗೆದ್ರೆ ನಗ್ತಾರೆ."

"ಒಂಬತ್ತು ಕಿಲೋಮೀಟರ್..."

"ಗೊತ್ತಮ್ಮ. ಕಡಿದಾದ ಜಾಗದಲ್ಲಿ ಇಳಿದು ತಳ್ಕೊಂಡು ಬರ್ತೀನಿ ಬಿಡು. ಅಭ್ಯಾಸ ಇದೆಯಲ್ಲ."

ನಗುತ್ತಾ ಅಂದಳು. ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಲೆಕ್ಕ ನೇರ. ನಾಲ್ಕು ಪಿಸ್ಟನ್ ಆರಿಸಿದ್ದು ಸರಿ. ಎಣ್ಣೆ ಹಾಕಿದ್ದು ತಪ್ಪು. ಎರಡೂ ನಂದೇ. ತಪ್ಪನ್ನು ಮಗಳ ತಲೆಗೆ ಕಟ್ಟಿ ಸರಿಯಾದದ್ದನ್ನು ಮಾತ್ರ ನನ್ನದೆಂದು ವಾದಿಸಲು ಹೋದರೆ ಯಾರು ಕೇಳುತ್ತಾರೆ? ಮೀಸೆಗೆ ಹೇಳಿದರೆ ಅವನು ಅಂದುಕೊಂಡದ್ದೇ ನಿಜವಾಯಿತು ಎಂದು ಕುಣಿಯುತ್ತಾನೆ. ಆರು ದಿನದಿಂದ ಇದೊಂದಕ್ಕೇ ಬಾಯಿ ಹೊಲಿದುಕೊಂಡು ಕೂತಿದ್ದೇನೆ. ಶೆಡ್ಡಿನಲ್ಲಿ ಅಷ್ಟು ಗಂಡಸರ ಎದುರು ಗಂಟಲು ಹರಿದುಕೊಂಡವಳು.

ಮಾರ್ಚ್ 28, ಬೆಳಿಗ್ಗೆ 9.40. ಅಂಗಡಿಯ ಎದುರಿನ ಕಟ್ಟೆ

ಶೆಡ್ಡಿಗೆ ರಜೆ ಹೇಳಿ ಬಂದೆ. ಮೈಮೇಲೆ ಕೆಲಸದ ಬಟ್ಟೆಯೇ ಇದೆ. ಬೇಕೆಂದೇ ಹಾಕಿಕೊಂಡು ಬಂದೆ.

ಪುಟ್ಟಿಗೆ ಹೇಳಿಲ್ಲ. ಹೇಳಿದರೆ ಬೇಡ ಅನ್ನುತ್ತಾಳೆ, ನಾನು ಸರಿ ಅಂದುಬಿಡುತ್ತೇನೆ.

ಹೇಳಬೇಕಾದ್ದನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿದೆ. ಮೂರು ಸಲ ಮೀಸೆಯನ್ನು ಬೈಯುವುದರಿಂದಲೇ ಶುರುವಾಯಿತು. ನನಗೇ ಹೇಳಿದ್ದರೆ ಹೀಗಾಗುತ್ತಿತ್ತಾ, ಇವರ ಕಿವಿಯಲ್ಲಿ ಯಾಕೆ ಊದಿದೆ ಎಂದು. ಅದೂ ನಿಜವೇ, ಅದನ್ನೂ ಹೇಳುತ್ತೇನೆ. ಆದರೆ ಆಮೇಲೆ. ಮುಚ್ಚಳದ ಮೇಲೆ ಬರೆದದ್ದು ನನಗೇ ಹೇಳಿದ್ದು, ಓದಿಯೂ ಹಾಕಿದೆ.

ಮೊದಲು ಅದು. ಆಮೇಲೆ ನಾಲ್ಕು ಪಿಸ್ಟನ್, ಇನ್ನೂರ ಮೂರು. ಅವನ ಎಣ್ಣೆ, ಅವನ ಕೈಯಿಂದಲೇ ಹಾಕಲಿ. ನಾನು ಪಕ್ಕದಲ್ಲಿ ನಿಂತು ನೋಡುತ್ತೇನೆ. ನಗುವುದಿದ್ದರೆ ನಗಲಿ.

ಮೀಸೆ ಷಟರ್ ಎತ್ತಿದ. ಪುಟ್ಟಿ ಆ ಕಡೆಯಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದಾಳೆ, ನನ್ನನ್ನು ಇನ್ನೂ ನೋಡಿಲ್ಲ. ಬಾಗಿಲಲ್ಲಿ ಆಗಲೇ ನಾಲ್ಕೈದು ಹುಡುಗರು. ಒಬ್ಬ ಅವಳನ್ನು ಕಂಡು "ಕಾರೆಣ್ಣೆ ಬಂತು" ಅಂದ. ಅವಳೂ ನಕ್ಕಳು.

ಏಯ್, ಅದು ಅವಳ ಹೆಸರಲ್ಲ ಕಣೋ, ಅದು ನಂದು. ಬರೆದದ್ದು ಸಾಕು, ಎದ್ದು ಹೋಗಿ ಹೇಳುತ್ತೇನೆ.