ಜೋಳದ ದಿಂಡಿನಿಂದ ದೀಪ ಹಚ್ಚುವುದು ಅಪರಾಧವೇ?

ಮಾನ್ಯ ವಿದ್ಯುತ್ ಅಧಿಕಾರಿಗಳೇ,

ದೀಪ ಹಚ್ಚಿದ ತಪ್ಪಿಗೆ ನಮ್ಮ ಸೆರುಂಜೋಗಿಯನ್ನು ಜೈಲಿಗೆ ಹಾಕಿಸಿದ್ದೀರಿ. ಊರಿಗೆ ಬೆಳಕು ಕೊಡುವುದೇ ಕೆಲಸವಾಗಿರುವ ಕಚೇರಿಯಿಂದ ಇಂಥ ದೂರು ಹೋಗಿದ್ದು ಬಹುಶಃ ಇದೇ ಮೊದಲು. ಅಭಿನಂದನೆಗಳು.

ನಿಮ್ಮ ತಂತಿ ಬರುವ ಮೊದಲೇ ನಮ್ಮೂರು ನಬ್ವೇಂಡೆಯಲ್ಲಿ ಕರೆಂಟ್ ಇತ್ತು. ಕಾಳು ಬಿಡಿಸಿದ ಮೆಕ್ಕೆಜೋಳದ ದಿಂಡುಗಳನ್ನು ಒಲೆಯಲ್ಲಿ ಅರೆಬರೆ ಸುಟ್ಟು, ಅದರಿಂದೇಳುವ ಅನಿಲದಲ್ಲಿ ಎಂಜಿನ್ ಓಡಿಸುವ ಯಂತ್ರದ್ದು. ನಡೆಸುತ್ತಿದ್ದವನು ಸೆರುಂಜೋಗಿ. ನಾವು ಹೆಂಗಸರು ದಿಂಡು ಹೊತ್ತು ತಂದರೆ ಮುಟ್ಟಿ ನೋಡಿ ರೇಗಿಸುತ್ತಿದ್ದ: “ಏನಜ್ಜೀ, ಇಷ್ಟು ಹಸೀದು ತಂದಿದ್ದೀಯ? ನನ್ನ ಎಂಜಿನ್ನಿಗೂ ನಿನ್ನ ಹಾಗೇ ಕೆಮ್ಮು ಹತ್ತಲಿ ಅಂತಾನಾ?”

“ನಿನ್ನ ಬಾಯಿಗೆ ತುರುಕೋಕೆ ತಂದೆ, ತಗೋ!” ಎನ್ನುತ್ತಿದ್ದೆ.

ಆ ಕರೆಂಟಿನಲ್ಲೇ ನಮ್ಮ ಹೆರಿಗೆ ಕೇಂದ್ರ ನಡೆಯುತ್ತಿತ್ತು. ಆಮೇಲೆ ನೀವು ಕಂಬ ನೆಟ್ಟಿರಿ. ರಾಜಧಾನಿ ಕಂಪಾಲಾದಿಂದ ದೊಡ್ಡವರನ್ನು ಕರೆಸಿ ಗುಂಡಿ ಒತ್ತಿಸಿದಿರಿ. ಒಂದೂರಿಗೆ ಎರಡು ಕರೆಂಟ್ ಕೂಡದೆಂದು ಯಂತ್ರದ ಕೊಟ್ಟಿಗೆಗೆ ಬೀಗ ಜಡಿದು ಮೊಹರು ಹಾಕಿದಿರಿ. ಮಳೆಗಾಲದ ಮೊದಲ ಸಿಡಿಲಿಗೇ ನಿಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಯಿತು. ಅದು ಸರಿಯಾಗುವವರೆಗಾದರೂ ಬೀಗ ತೆಗೆಸಿ ಎಂದು ಬೇಡಲು ನಾನು ನಿಮ್ಮ ಕಚೇರಿಗೇ ಬಂದಿದ್ದೆ. ನೆನಪಿದೆಯೇ?

“ನಿಮ್ಮೂರಿಗೆ ಕರೆಂಟ್ ಬಂದಾಯ್ತಲ್ಲಮ್ಮಾ” ಎಂದಿರಿ.

“ಬಂದಿತ್ತು ಸಾಹೇಬ್ರೇ, ಹೋಯ್ತು.”

ನಿಮ್ಮ ಸಿಬ್ಬಂದಿ ನಕ್ಕರು. ನೀವೂ ನಕ್ಕಿರಿ. ಬೀಗ ಮಾತ್ರ ತೆಗೆಸಲಿಲ್ಲ.

ನನ್ನ ಮಗಳು ತಿಯೋಪಿಸ್ಟಾ ದಿನ ತುಂಬುವ ಮೊದಲೇ ಹೆತ್ತಳು. ಹೆಣ್ಣುಮಗು. ಮಿರೆಂಬೆ ಎಂದು ಹೆಸರಿಟ್ಟೆವು. ಉಸಿರಾಡಲು ಕಷ್ಟಪಡುತ್ತಿತ್ತು. ಆಮ್ಲಜನಕದ ಯಂತ್ರ ಹಾಸಿಗೆಯ ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ಪಟ್ಟಣದ ದಾರಿ ಮಳೆಗೆ ಕೊಚ್ಚಿಹೋಗಿತ್ತು. ನರ್ಸಮ್ಮ ರಬ್ಬರ್ ಚೀಲ ಒತ್ತಿ ಒತ್ತಿ ಪುಟ್ಟ ಬಾಯಿಗೆ ಗಾಳಿ ತುಂಬುತ್ತಲೇ ಇದ್ದಳು.

“ಅಜ್ಜೀ, ಮೊಹರು ಒಡೀತೀನಿ. ಆಮೇಲೆ ಏನು ಬೇಕಾದ್ರೂ ಮಾಡ್ಕೊಳ್ಳಲಿ” ಎಂದು ಸೆರುಂಜೋಗಿ ಹಾರೆ ಹಿಡಿದು ಓಡಿದ.

ತಿಂಗಳುಗಟ್ಟಲೆ ನಿಂತ ಯಂತ್ರ ಕರೆದ ತಕ್ಷಣ ಏಳುತ್ತದೆಯೇ? ಕೊಳವೆಗಳಲ್ಲಿ ಮಸಿ ಗಟ್ಟಿಯಾಗಿತ್ತು. ಅದನ್ನವನು ಬೆರಳಿನಿಂದ ಕೆರೆದು ತೆಗೆದ. ಕೊನೆಗೂ ನಮ್ಮ ತಲೆಯ ಮೇಲಿನ ದೀಪ ಹತ್ತಿತು, ಆಮ್ಲಜನಕದ ಯಂತ್ರ ಗುರ್ರೆಂದಿತು. ಅಷ್ಟರಲ್ಲಿ ನರ್ಸಮ್ಮನ ಕೈ ನಿಂತುಹೋಗಿತ್ತು. ಮಗುವಿನ ಮುಖಕ್ಕೆ ತಿಯೋಪಿಸ್ಟಾ ಸೆರಗು ಅಡ್ಡ ಹಿಡಿದಳು, ಬೆಳಕು ಚುಚ್ಚುತ್ತದೆಂಬಂತೆ.

ಸೆರುಂಜೋಗಿ ಮಸಿಗೈಯಲ್ಲೇ ಬಾಗಿಲಿಗೆ ಬಂದು ನಿಂತ. “ಬಂತಾ ಅಜ್ಜೀ? ಕರೆಂಟ್ ಬಂತಾ?”

“ಬಂತಪ್ಪಾ” ಎಂದೆ. ಬೇರೇನು ಹೇಳಲಿ?

ಮಗುವನ್ನು ಮಣ್ಣು ಮಾಡಿ ಬಂದಾಗ ಪೊಲೀಸರು ನಿಂತಿದ್ದರು. ಇಷ್ಟು ಬೇಗ ನಿಮ್ಮ ಕಡೆಯಿಂದ ನಮ್ಮೂರಿಗೆ ಯಾವತ್ತಾದರೂ ಯಾರಾದರೂ ಬಂದದ್ದುಂಟೇ?

ಮೊಮ್ಮಗಳನ್ನು ನಾನು ನಿಮ್ಮಿಂದ ಕೇಳುತ್ತಿಲ್ಲ. ನಿಮ್ಮ ದೂರನ್ನು ಹಿಂತೆಗೆದುಕೊಳ್ಳಿ, ಸೆರುಂಜೋಗಿಯನ್ನು ಬಿಡಿಸಿ. ಕೊಟ್ಟಿಗೆಗೆ ಮತ್ತೆ ಜಡಿಸಿದ ಹೊಸ ಬೀಗ ತೆಗೆಸಿ. ನಮ್ಮ ಬೀದಿಯಲ್ಲಿ ಇನ್ನೂ ಬಸುರಿಯರಿದ್ದಾರೆ. ನಿಮ್ಮ ತಂತಿಗೆ ಜೀವ ಬರಲಿ ಎಂದು ಅವರ ಹೆರಿಗೆ ಕಾಯುವುದಿಲ್ಲ.

ಇಂತಿ,
ನಿಮ್ಮ ಲೆಕ್ಕದಲ್ಲಿ ಬೆಳಕಿನಲ್ಲೇ ಬದುಕುತ್ತಿರುವ
ಸ್ಪೆಸಿಯೋಝಾ ನಾಲ್ವೋಗಾ
ನಬ್ವೇಂಡೆ, ಉಗಾಂಡಾ