ಸತ್ತ ಮೇಲೆ ಒಂದು ನಗು

ಸಾಲಿಗ್ರಾಮಂ, ಚೆನ್ನೈ
ಫೆಬ್ರವರಿ 2, 2019

ನನ್ನ ಕಣ್ಣು ಗೋಮತಿಗೆ ಅಪ್ಪನ ಆಶೀರ್ವಾದಗಳು.

ನಾನಂತೂ ಗುಂಡುಕಲ್ಲಿನ ಹಾಗಿದ್ದೇನೆ. ಕಾಗದ ತಡವಾಯಿತು, ಬರೋಬ್ಬರಿ ಎರಡು ವರ್ಷ. ನಿನ್ನ ಅಮ್ಮನನ್ನು ಮಸಣಕ್ಕೆ ಕಳಿಸಿಕೊಟ್ಟ ದಿನ, ಅವಳ ತಲೆಯ ಬಳಿ ಕೂತು ನಾನಂದ ಒಂದು ಮಾತು ಕೇಳಿ ನೀನು ಎಲ್ಲರೆದುರು "ಇಲ್ಲೂ ನಟನೆ ಮಾಡ್ತೀರಲ್ಲಪ್ಪಾ, ನಾಚ್ಕೆ ಆಗಲ್ವಾ?" ಎಂದೆ. ಹದಿನಾರನೆಯ ದಿನದ ಕಾರ್ಯ ಮುಗಿದದ್ದೇ ನೀನು ತೂತುಕುಡಿಯ ಬಸ್ಸು ಹತ್ತಿದೆ. ಆಮೇಲೆ ನನ್ನ ಫೋನು ಎತ್ತಲಿಲ್ಲ. ಮುಂದಿನ ತಿಂಗಳು ಮಗಳಿಗೆ ಕಿವಿ ಚುಚ್ಚಿಸುತ್ತೀಯಂತೆ, ನಿನ್ನ ಅತ್ತೆ ಹೇಳಿದರು. ಸೋದರಮಾವನಿಲ್ಲದ ಮಗು, ತಾತನ ತೊಡೆಯ ಮೇಲಾದರೂ ಕೂರಬೇಕು. ನೀನು ಕರೆಯಬೇಕೆಂದು ನನಗೆ ಆಸೆ. ಇದರಲ್ಲಿ ಮುಚ್ಚುಮರೆ ಯಾಕೆ?

ಇಲ್ಲಿಯ ಸುದ್ದಿ ಕೇಳು. ನಿನ್ನೆ ನನ್ನ ನೂರಾ ಹದಿನಾಲ್ಕನೆಯ ಸಾವು. ನಾಯಕನ ಅಪ್ಪ ಎಂದ ಮೇಲೆ ಇಂಟರ್ವಲ್ ಒಳಗೆ ಹೋಗಲೇಬೇಕಲ್ಲ! ನಿರ್ದೇಶಕಿ ನಿವೇದಾ ನಿನಗಿಂತ ಚಿಕ್ಕವಳು. "ಅಯ್ಯಾ, ಮೆಲ್ಲಗೆ ಪ್ರಾಣ ಬಿಡಿ. ಕೆಮ್ಮೋದೆಲ್ಲ ಬೇಡ" ಎಂದಳು. ಐವತ್ತು ವರ್ಷ ಕೆಮ್ಮಿಯೇ ಅನ್ನ ತಿಂದವನಿಗೆ ಈ ಮಾತು! ಆದರೂ ಸತ್ತೆ. ಹಣೆಗೆ ನಾಣ್ಯ ಅಂಟಿಸಿದರು, ಹಾರ ಹಾಕಿದರು. ನಾಯಕಿ ಮೈಮೇಲೆ ಬಿದ್ದು ಅಳುವಾಗ ಅವಳ ಜಡೆ ಮೂಗಿಗೆ ತಾಗಿ ಸೀನಿಬಿಟ್ಟೆ. ಲೈಟಿನ ಮಾಡಸ್ವಾಮಿ ಮೇಲಿನಿಂದಲೇ "ಯಾಕಯ್ಯಾ, ಯಮ ಬೇಡ ಅಂತ ವಾಪಸ್ ಕಳಿಸ್ಬಿಟ್ನಾ?" ಎಂದು ಕೂಗಿದ. ಇನ್ನೊಮ್ಮೆ ಸಾಯಬೇಕಾಯಿತು.

ಹೆಣವಾದವನು ಶಾಟ್ ಮುಗಿದ ಮೇಲೆ ಎದ್ದು ಕೂತು ಕ್ಯಾಮೆರಾ ನೋಡಿ ನಗಬೇಕು, ಇಲ್ಲದಿದ್ದರೆ ಕೇಡು ಎಂಬುದು ನಮ್ಮಲ್ಲಿ ಹಳೆಯ ಪದ್ಧತಿ. ಈ ಕಾಲದ ಮಕ್ಕಳು ಅದನ್ನು ಮರೆತು ಊಟಕ್ಕೆ ಹೊರಟರು. ನಾನು ಚಟ್ಟ ಬಿಟ್ಟು ಅಲುಗಲಿಲ್ಲ. "ಮೊದಲು ನಗೋ ಶಾಟ್ ತೆಗೀರಿ, ಆಮೇಲೇ ಏಳೋದು. ಸಾಂಬಾರು ತಣ್ಣಗಾದ್ರೆ ಆಗ್ಲಿ" ಎಂದೆ. ಪಾಪ, ಎಲ್ಲರೂ ತಿರುಗಿ ಬಂದರು. ಎದ್ದು ಕೂತು, ಕಟ್ಟಿಸಿದ ಹಲ್ಲೆಲ್ಲ ಕಾಣುವಂತೆ ನಕ್ಕೆ. "ಅಯ್ಯಾ, ಇದನ್ನೇ ಸಿನಿಮಾದಲ್ಲಿ ಇಟ್ಬಿಡ್ಲಾ?" ಎಂದಳು ನಿವೇದಾ. "ಇದು ನಿನ್ನ ಸಿನಿಮಾಗಲ್ಲ ತಾಯಿ, ನನ್ನ ಆಯುಸ್ಸಿಗೆ" ಎಂದೆ. ಊಟಕ್ಕೆ ಎರಡು ವಡೆ ಹೆಚ್ಚು ಬಿತ್ತು.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಕಿವಿ ಚುಚ್ಚುವಾಗ ಮಗುವಿನ ಬಾಯಿಗೆ ಬೆಲ್ಲ ಇಡಿ. ಎಲ್ಲರೂ ನೂರು ಕಾಲ ಬಾಳಿ.

ನಿನ್ನ ಅಪ್ಪ,
ಅಂಬಲವಾಣನ್

ಇನ್ನೊಂದು ಮಾತು: ಆವತ್ತು ಬಗ್ಗಿ ಅಮ್ಮನಿಗೆ "ಆವುಡೈ, ಆಯ್ತು, ಎದ್ದು ಒಂದ್ಸಲ ನಕ್ಬಿಡೇ" ಎಂದೆ. ನಿನ್ನ ಕಿವಿಗೆ ಬಿದ್ದದ್ದು ಅದೇ. ಅದು ನಟನೆಯಲ್ಲ, ನನ್ನ ಕಣ್ಣೇ. ಐವತ್ತು ವರ್ಷದಲ್ಲಿ ನಾನು ಕಂಡ ಹೆಣಗಳೆಲ್ಲ ಎದ್ದು ನಕ್ಕಿವೆ. ಅವಳೂ ಏಳುತ್ತಾಳೆಂದು ನಿಜವಾಗಿಯೂ ಕಾದೆ. ಹೊತ್ತುಕೊಂಡು ಹೋಗುವವರೆಗೂ ಅವಳ ತುಟಿಯನ್ನೇ ನೋಡುತ್ತಿದ್ದೆ.