ಶೋಶಾ ಗನ್ ವಾಪಸು ಹೋದ ದಿನ

ಫ್ರಾನ್ಸ್, ಅಕ್ಟೋಬರ್ 1918

ಓರಿನ್,

ಸಂಜೆ ಏಳು ಗಂಟೆ. ಫ್ರೆಂಚರು ಕೊಟ್ಟಿದ್ದ ಶೋಶಾ ಮೆಷಿನ್ ಗನ್‌ಗಳನ್ನು ಇವತ್ತು ವಾಪಸು ತೆಗೆದುಕೊಂಡು, ನಮ್ಮ ಅಮೆರಿಕದ ಹೊಸ ಗನ್ ಕೊಟ್ಟರು. ಹುಡುಗರು ಹಳೆಯದನ್ನು ಲಾರಿಗೆ ಎಸೆಯುತ್ತ, "ಹೋಗು ತಾಯಿ, ನಿನ್ನ ಕೆಮ್ಮು ಕೇಳಿ ಸಾಕಾಯ್ತು" ಎಂದು ನಗುತ್ತಿದ್ದರು.

ನಿನ್ನ ಗನ್ನಿನ ಸರದಿ ಬಂದಾಗ ಹೊಸ ಕ್ಯಾಪ್ಟನ್ ನನ್ನನ್ನು ಕರೆದರು. "ಇದಕ್ಕೆ ಗುಂಡು ತುಂಬ್ತಿದ್ದವನು ನೀನೇ ಅಲ್ವೇನಯ್ಯಾ? ಆವತ್ತು ಗನ್ ಕೈಕೊಡ್ತೋ, ಹೊಡೆಯೋನು ಹೆದರಿದ್ನೋ?"

ಅದರ ಗುಂಡಿನ ಡಬ್ಬಿಗೆ ಪಕ್ಕದಲ್ಲಿ ತೆರೆದ ಸೀಳು. ಕೆಸರು ಹೋಗದಿರಲೆಂದು ನೀನು ನಿನ್ನ ಕಾಲುಚೀಲವನ್ನೇ ಅದಕ್ಕೆ ಸುತ್ತಿ, ಬರಿಗಾಲಿಗೆ ಬೂಟು ಹಾಕುತ್ತಿದ್ದೆ. ಆದರೂ ಆವತ್ತು ಗುಂಡು ಸಿಕ್ಕಿಕೊಂಡಿತು. ನೀನು ಓಡಲಿಲ್ಲ, ಅದನ್ನು ಬಿಡಿಸುತ್ತಲೇ ಸತ್ತೆ. ನಾನು ಹಾಗೆಂದಿದ್ದರೆ, ಡಬ್ಬಿ ತುಂಬಿದ ನನ್ನ ಕೆಲಸ ಹೇಗಿತ್ತು ಎಂದು ಕ್ಯಾಪ್ಟನ್ ಕೇಳುತ್ತಿದ್ದರು.

"ಅವನಿಗೆ ಸ್ವಲ್ಪ ಗಾಬರಿ ಜಾಸ್ತಿ, ಸಾರ್" ಎಂದೆ.

"ನಾನೂ ಹಾಗೇ ಅಂದ್ಕೊಂಡೆ" ಎಂದು ಅವರು ನನ್ನ ಬೆನ್ನು ತಟ್ಟಿದರು.

ಆವತ್ತು ನಮ್ಮ ಪಕ್ಕದಲ್ಲೇ ಇದ್ದ ಟಾಲ್ಬರ್ಟ್ ಇದನ್ನು ಕೇಳಿಸಿಕೊಂಡ. ಊಟಕ್ಕೆ ನನ್ನ ಹತ್ತಿರ ಕೂರಲಿಲ್ಲ.

ನಾಳೆ ಬೆಳಿಗ್ಗೆ ಹೊಸ ಗನ್ ಹೊತ್ತು ಮುಂದಕ್ಕೆ ಹೊರಡುತ್ತೇವೆ. ಹೊಡೆಯುವವನು ನಾನು, ಗುಂಡು ತುಂಬುವವನು ಟಾಲ್ಬರ್ಟ್.